ಐದು ನಿಮಿಷದ ಸರದಿ

ಬೆಳಿಗ್ಗೆ ಲೋಟ ತೊಳೆಯುವಾಗಲೇ ಅವಳ ಬಲಗೈ ಬೆರಳುಗಳು ಬರೆಯತೊಡಗಿದ್ದವು. ಸೋಪಿನ ನೊರೆಯ ಮೇಲೆ ಒಂದು ಗೀಟು, ಒಂದು ಕೊಕ್ಕೆ, ಒಂದು ಚುಕ್ಕೆ. ಹದಿನೆಂಟು ವರ್ಷ ಶೀಘ್ರಲಿಪಿ ಬರೆದ ಕೈ ಅದು. ಹತ್ತಿರದಲ್ಲಿ ಯಾರಾದರೂ ಮಾತಾಡಿದರೆ ಸಾಕು, ಅಪ್ಪಣೆಗೆ ಕಾಯದೆ ಗೀಚಲು ಶುರುಮಾಡುತ್ತದೆ. ಈಗ ಮಾತಾಡುತ್ತಿದ್ದವನು ಗಂಡ. ಪೇಪರಿನ ಹಿಂದಿನಿಂದ, "ಇವತ್ತೇ ಅಲ್ವಾ ನಿಮ್ಮ ಹೆಂಗಸರದ್ದು?" ಎಂದ. "ಹೆಂಗಸರದ್ದಲ್ಲ, ಸಂವಿಧಾನದ್ದು," ಎಂದಳು. "ಆರನೇ ಪುಟದಲ್ಲಿ ಹಾಕಿದಾರೆ ನೋಡು, ಹವಾಮಾನದ ಕೆಳಗೆ." ಅವಳಿಗೆ ನಗು ಬಂತು. ಆ ನಗುವಿನ ಅಡಿಯಲ್ಲೇ ನಿನ್ನೆ ಸಂಜೆಯಿಂದ ಒಂದು ತಳಮಳ ಇತ್ತು, ಪರೀಕ್ಷೆಯ ದಿನದಂಥದ್ದು, ಹೆದರಿಕೆ ಎಲ್ಲಿ ಮುಗಿದು ಹಿಗ್ಗು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಂಥದ್ದು. ಹೊಸ ಸಂವಿಧಾನ ಬರೆಯಲು ನೂರಿಪ್ಪತ್ತು ಮಂದಿ ಹದಿನಾಲ್ಕು ತಿಂಗಳಿಂದ ಒಂದು ದೊಡ್ಡ ಸಭಾಂಗಣದಲ್ಲಿ ಕೂತಿದ್ದರು. ಅವರಾಡುವ ಪ್ರತಿ ಮಾತನ್ನೂ ಬರೆದುಕೊಳ್ಳುವ ಆರು ವರದಿಗಾರರಲ್ಲಿ ಅವಳೊಬ್ಬಳು. ನೂರಿಪ್ಪತ್ತರಲ್ಲಿ ಹೆಂಗಸರು ಹನ್ನೊಂದು. ಚುನಾಯಿತ ಸಭೆಗಳಲ್ಲಿ ಹೆಂಗಸರಿಗೆ ಎಷ್ಟು ಜಾಗ ಎಂದು ಹೇಳುವ ವಿಧಿ ಇವತ್ತು ಮತಕ್ಕೆ ಬರುವುದಿತ್ತು. ಕರಡಿನಲ್ಲಿ ಇದ್ದದ್ದು 'ಸಾಧ್ಯವಾದ ಮಟ್ಟಿಗೆ ಅವಕಾಶ ಕೊಡಲು ಪ್ರಯತ್ನಿಸತಕ್ಕದ್ದು' ಎಂದು. ಅದನ್ನು ತೆಗೆದುಹಾಕಿ 'ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು' ಎಂದು ಸೇರಿಸಬೇಕೆಂದು ಒಬ್ಬ ಸದಸ್ಯೆ ತಿದ್ದುಪಡಿ ತಂದಿದ್ದರು. ತಂದಿದ್ದರು ಎನ್ನುವುದಕ್ಕೆ ಅವಳ ಕಿವಿಯೇ ಸಾಕ್ಷಿ. ಆದರೆ ನಿನ್ನೆ ಸಂಜೆ ಹಂಚಿದ ತಿದ್ದುಪಡಿಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಯಾಕೆ ಇರಲಿಲ್ಲ ಎನ್ನುವುದು ಇಡೀ ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಫೋನು ಬಡಿಯಿತು. ಅಕ್ಕ. "ಪಾಸು ಕೊಟ್ಟಿದೀಯಲ್ಲ, ಅಲ್ಲಿ ಬ್ಯಾಗು ಒಳಗೆ ಬಿಡ್ತಾರಾ? ಅಂಗಡಿಯಿಂದ ನೇರ ಬರ್ತೀನಿ, ಕತ್ತರಿ, ಟೇಪು ಎಲ್ಲ ಅದರಲ್ಲೇ ಇದೆ." "ಕತ್ತರಿ ಬಿಡಲ್ಲ ಅಕ್ಕ." "ಸರಿ ಬಿಡು, ಕತ್ತರಿ ಇಲ್ದೇನೆ ಬರ್ತೀನಿ. ಕತ್ತರಿಸೋಕೆ ಅಲ್ಲಿ ನಿಮ್ಮವರೇ ಇದಾರಲ್ಲ." ಅಕ್ಕ ಟೈಲರ್. ಹದಿನಾರನೇ ವಯಸ್ಸಿನಿಂದ ಟೈಲರ್. ಸಭೆಯ ಗ್ಯಾಲರಿಗೆ ಬರುತ್ತಿರುವುದು ಇದೇ ಮೊದಲು, ಅದೂ ಅವಳು ಮೂರು ಸಲ ಕರೆದ ಮೇಲೆ. ಯಾಕೆ ಕರೆದೆ ಎಂದು ಬಸ್ಸಿನಲ್ಲಿ ಕೂತು ತನ್ನನ್ನೇ ಕೇಳಿಕೊಂಡಳು. ಪಟ್ಟಿ ನೋಡುವುದಕ್ಕೆ ಮೊದಲೇ ಕರೆದಿದ್ದಳು, ಆಗ ಬರೀ ಹಿಗ್ಗಿತ್ತು. ಈಗ ಕಿಟಕಿಯ ಗಾಜಿನಲ್ಲಿ ಕಾಣುತ್ತಿದ್ದ ತನ್ನ ಮುಖ ಅವಳಿಗೆ ಸೇರಲಿಲ್ಲ. ಎಚ್ಚರದ ಮುಖ, ಯಾರೋ ಏನೋ ಅಂದಾರು ಎಂದು ಮೊದಲೇ ಕ್ಷಮೆ ಕೇಳಿಕೊಂಡು ಕೂತಂಥ ಮುಖ.

ಒಂಬತ್ತು ದಿನದ ಹಿಂದೆ, ಮಧ್ಯಾಹ್ನ ಮೂರೂ ಹತ್ತು. ಅವಳ ಸರದಿ. ವರದಿಗಾರರು ಒಬ್ಬೊಬ್ಬರು ಐದೈದು ನಿಮಿಷ ಬರೆಯುತ್ತಾರೆ. ಮುಂದಿನವರು ಪಕ್ಕದ ಕುರ್ಚಿಯಲ್ಲಿ ಪೆನ್ಸಿಲ್ ಹಿಡಿದು ಸಿದ್ಧವಾಗಿರುತ್ತಾರೆ. ಐದು ನಿಮಿಷ ಮುಗಿದೊಡನೆ ಬರೆದವರು ಎದ್ದು ಮೇಲಿನ ಕೋಣೆಗೆ ಹೋಗಿ ತಮ್ಮ ಗೀಟುಗಳನ್ನು ಮಾತಾಗಿ ಟೈಪು ಮಾಡುತ್ತಾರೆ. ಆಗ ಆ ತಿದ್ದುಪಡಿ ತಂದ ಸದಸ್ಯೆ, ನರ್ಸಮ್ಮ, ಎದ್ದು ನಿಂತಿದ್ದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ಸಭೆಗೆ ಬಂದವರು. ಸಭೆಯಲ್ಲಿ ಎಲ್ಲರೂ, ಪ್ರೀತಿಯವರೂ ಗೇಲಿಯವರೂ, ನರ್ಸಮ್ಮ ಎಂದೇ ಕರೆಯುತ್ತಿದ್ದರು. ಅವರ ಮೈಕು ಸತ್ತಿತ್ತು. ಅವರು ಬಾಗಿ ಅದನ್ನು ಕುಟ್ಟಿದರು, ಬಿಟ್ಟರು, ಬರೀ ಗಂಟಲಿನಲ್ಲೇ ಶುರುಮಾಡಿದರು. ಅರವತ್ತು ಗಂಡಸರು ಊಟ ಮುಗಿಸಿ ಬಂದು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು, ಯಾರೋ ನಕ್ಕರು, ಯಾರೋ "ವಾರ್ಡ್ ರೌಂಡ್ಸ್ ಶುರುವಾಯ್ತು" ಎಂದರು. ವರದಿಗಾರರ ಮೇಜು ಎಲ್ಲರಿಗಿಂತ ತಗ್ಗಿನಲ್ಲಿ, ನರ್ಸಮ್ಮನ ಸಾಲಿನ ನೇರ ಕೆಳಗೆ. ಅವಳಿಗೆ ಪ್ರತಿ ಪದ ಕೇಳಿಸಿತು, ಕೈ ಪ್ರತಿ ಪದ ಬರೆಯಿತು. ಅನುಮೋದಿಸಿದವರ ಮಾತನ್ನೂ ಬರೆಯಿತು. ಅಧ್ಯಕ್ಷರು ಕಡತದಿಂದ ತಲೆಯೆತ್ತದೆ ಅಂದದ್ದನ್ನೂ ಬರೆಯಿತು. ಆಮೇಲೆ ಮೇಲಿನ ಕೋಣೆಗೆ ಹೋಗಿ, ಟೈಪ್‌ರೈಟರಿನ ಮುಂದೆ ಕೂತು, ಆ ಪುಟ ಬಂದಾಗ ಅವಳು ಬ್ರಾಕೆಟ್ಟು ಹಾಕಿ ಒಂದೇ ಪದ ಹೊಡೆದಳು. (ಗದ್ದಲ).

ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು, ಬೈಯಲು ಒಬ್ಬರು ಸಿಗುತ್ತಿದ್ದರು. ಮೈಕಿಲ್ಲದೆ ಅಧ್ಯಕ್ಷರ ಅನುಮತಿಯಿಲ್ಲದೆ ಆಡಿದ ಮಾತು ದಾಖಲೆಗೆ ಬರುವುದಿಲ್ಲ ಎನ್ನುವುದು ನಿಯಮ, ನಿಜ. ಆದರೆ ಆ ಮಾತಿಗೆ ಅಧ್ಯಕ್ಷರು ಉತ್ತರ ಕೊಟ್ಟರೆ, ಒಂದೇ ಪದದ ಉತ್ತರವಾದರೂ, ಅದು ದಾಖಲೆಯ ಮಾತಾಗುತ್ತದೆ ಎನ್ನುವುದೂ ಅದೇ ನಿಯಮದ ಮುಂದಿನ ಸಾಲು. ಅದನ್ನು ಹೊಸಬರಿಗೆ ಪಾಠ ಮಾಡುತ್ತಿದ್ದವಳು ಅವಳೇ. ಕೈ ಮರೆತಿರಲಿಲ್ಲ. ಬರೆದು ಮುಗಿಸಿದ ಮೇಲೆ ಕಣ್ಣು ಆ ದೃಶ್ಯವನ್ನು ಇನ್ನೊಮ್ಮೆ ನೋಡಿತ್ತು: ಎದ್ದು ನಿಂತು ಕೂಗುತ್ತಿರುವ ಒಬ್ಬ ಹೆಂಗಸು, ಸುತ್ತ ನಗು. ಆ ದೃಶ್ಯಕ್ಕೆ ಎಲ್ಲರೂ ಇಡುವ ಹೆಸರನ್ನೇ ಅವಳೂ ಇಟ್ಟಿದ್ದಳು.

ವರದಿ ಶಾಖೆಯಲ್ಲಿ ಪೆನ್ಸಿಲ್ ಮೇಷ್ಟ್ರು ಎಂದಿನಂತೆ ಹನ್ನೆರಡು ಪೆನ್ಸಿಲ್ಲುಗಳನ್ನು ಬ್ಲೇಡಿನಿಂದ ಚೂಪು ಮಾಡಿ ಸಾಲಾಗಿ ಇಡುತ್ತಿದ್ದರು. ಆರು ವರದಿಗಾರರಲ್ಲಿ ಹಿರಿಯರು, ಅವಳಿಗೆ ಕೆಲಸ ಕಲಿಸಿದವರು. ಮೊದಲ ದಿನವೇ ಹೇಳಿದ್ದರು, "ನೋಡಮ್ಮ, ಆ ಮೇಜಿನ ಹತ್ರ ನಮಗೆ ಕಿವಿ ಇದೆ, ಕೈ ಇದೆ. ಬಾಯಿ ಮನೇಲಿಟ್ಟು ಬರಬೇಕು." ಹದಿನೆಂಟು ವರ್ಷ ಅವಳು ಮನೆಯಲ್ಲಿಟ್ಟು ಬಂದಿದ್ದಳು. ಸದಸ್ಯರು ಮೇಜಿನ ಮೇಲೆ ಒದ್ದೆ ಛತ್ರಿ ಇಟ್ಟಾಗ, ನಲವತ್ತೆರಡು ವರ್ಷದ ಅವಳನ್ನು "ಏ ಹುಡುಗಿ, ನಾನು ಅಂದದ್ದು ಸರಿಯಾಗಿ ಬರ್ಕೊಂಡ್ಯಾ?" ಎಂದಾಗ, ಛತ್ರಿ ಸರಿಸಿ ತಲೆಯಾಡಿಸಿದ್ದಳು. ಈಗ ಬೀರು ತೆಗೆದು ಒಂಬತ್ತು ದಿನ ಹಿಂದಿನ ಪುಸ್ತಕ ಹುಡುಕಿದಳು. ಹಸಿರು ರಟ್ಟು, ಪುಟ ನಲವತ್ತೊಂದು. ಗೀಟುಗಳೆಲ್ಲ ಇದ್ದವು, ಒಂದೂ ಅಳಿಸಿರಲಿಲ್ಲ. ಅಳಿಸಿದ್ದರೆ ಎಂದು ಒಂದು ಗಳಿಗೆ ಆಸೆಪಟ್ಟಿದ್ದಳೇ? ಪಟ್ಟಿದ್ದಳು.

"ಹಳೇ ಪುಸ್ತಕ ಯಾಕಮ್ಮ?" ಮೇಷ್ಟ್ರು ಪೆನ್ಸಿಲ್ಲಿನ ಮೊನೆಯನ್ನೇ ನೋಡುತ್ತಾ ಕೇಳಿದರು.

"ಒಂದು ಕಡೆ ಅನುಮಾನ ಇದೆ ಮೇಷ್ಟ್ರೇ."

"ಅಚ್ಚಾಗಿ ಬಂದ ಮೇಲೆ ಅನುಮಾನ ಇಟ್ಕೋಬಾರದು. ಇನ್ನೂರು ಪುಟ, ಯಾರೂ ಓದಲ್ಲ."

"ಯಾರಾದ್ರೂ ಓದಿದ್ರೆ?"

ಮೇಷ್ಟ್ರು ಈಗ ತಲೆಯೆತ್ತಿದರು. "ನನಗೆ ರಿಟೈರಾಗೋಕೆ ಏಳು ತಿಂಗಳಿದೆ ಕಣಮ್ಮ," ಎಂದಷ್ಟೇ ಹೇಳಿ ಅವಳ ಕಡೆಗೆ ಒಂದು ಪೆನ್ಸಿಲ್ ಉರುಳಿಸಿದರು. ಎಲ್ಲಕ್ಕಿಂತ ಚೂಪಾದದ್ದು.

ಸಭಾಂಗಣದ ಮಹಡಿಯಲ್ಲಿ ಇದ್ದ ಶೌಚಾಲಯ ಗಂಡಸರದ್ದು. ಹೆಂಗಸರದ್ದು ಎರಡು ಮಹಡಿ ಕೆಳಗೆ, ಹಳೆಯ ಕಡತಗಳ ಕೋಣೆ ದಾಟಿ. ಐದು ನಿಮಿಷದ ಸರದಿಗಳ ನಡುವೆ ಇಳಿದು ಹತ್ತುವುದು ಆಗದ ಮಾತು. ಅದಕ್ಕೇ ಅವಳು ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ಹನ್ನೊಂದು ಮಂದಿ ಸದಸ್ಯೆಯರೂ ಕುಡಿಯುತ್ತಿರಲಿಲ್ಲ. ಸಭೆ ಶುರುವಾಗುವ ಮುಂಚೆ ಎಲ್ಲರೂ ಒಮ್ಮೆ ಅಲ್ಲಿಗೆ ಇಳಿಯುತ್ತಿದ್ದರು, ಹಾಗಾಗಿ ಸಭೆಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಪರಿಚಯವಾದದ್ದು ಆ ಒಂದೇ ಕನ್ನಡಿಯ ಮುಂದೆ. ನರ್ಸಮ್ಮ ಮುಖ ತೊಳೆಯುತ್ತಿದ್ದರು. ತೋಳು ಮೊಳಕೈವರೆಗೂ ನೆನೆಸಿ, ಆಪರೇಷನ್ನಿಗೆ ಹೊರಟವರ ಹಾಗೆ.

"ಬಂದ್ಯಾಮ್ಮ. ಈ ಕಟ್ಟಡ ಕಟ್ಟಿದವರಿಗೆ ನಾವೂ ಬರ್ತೀವಿ ಅಂತ ಕನಸಲ್ಲೂ ಬಂದಿರಲಿಲ್ಲ ನೋಡು. ನಾಳೆ ಅರವತ್ತು ಜನ ಬಂದ್ರೆ ಇಲ್ಲಿ ಕ್ಯೂ ಹೇಗಿರತ್ತೆ ಅಂತ ಯೋಚನೆ ಮಾಡ್ತಿದ್ದೆ." ಕನ್ನಡಿಯಲ್ಲೇ ನಕ್ಕರು. ಕಣ್ಣು ಮಿಂಚುತ್ತಿತ್ತು. "ಪಟ್ಟಿಯಲ್ಲಿ ನಂದು ಬಿಟ್ಟುಹೋಗಿದೆ, ಗುಮಾಸ್ತರು ಮರೆತಿರಬೇಕು. ಅದೇನು ದೊಡ್ಡದಲ್ಲ. ಮಂಡಿಸಿದ್ದು ದಾಖಲೆಯಲ್ಲಿ ಇದ್ರೆ ಸಾಕಂತೆ, ಮತಕ್ಕೆ ಹಾಕಲೇಬೇಕಂತೆ. ಹೇಗೂ ನೀವು ಬರೆದಿರ್ತೀರಲ್ಲ." ಹಾಗಂದು ಒದ್ದೆ ಕೈಯಲ್ಲೇ ಅವಳ ಭುಜ ತಟ್ಟಿದರು. "ಆವತ್ತು ಮೈಕಿಲ್ಲ, ಎಲ್ಲರೂ ನಗ್ತಾ ಇದ್ರು. ಕೆಳಗೆ ನೋಡಿದ್ರೆ ನೀನು ಬರೀತಾ ಇದ್ದೆ. ಸದ್ಯ, ಒಬ್ಬಳಿಗಾದ್ರೂ ಕೇಳ್ತಿದೆ ಅಂದ್ಕೊಂಡೆ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದಿತ್ತು ಕೂಡ. ಆದರೆ ಇನ್ನಿಬ್ಬರು ಸದಸ್ಯೆಯರು ಒಳಬಂದರು, ನಲ್ಲಿ ಜೋರಾಯಿತು, ಅವಳು "ಒಳ್ಳೇದಾಗ್ಲಿ ಮೇಡಂ" ಎಂದು ಮೆಟ್ಟಿಲ ಕಡೆ ತಿರುಗಿದಳು. ಭುಜದ ಮೇಲೆ ಐದು ಬೆರಳಿನ ಒದ್ದೆ. ಒಬ್ಬಳಿಗಾದ್ರೂ ಕೇಳ್ತಿದೆ. ಅಮ್ಮನೂ ಹಾಗೇ ಅಂದುಕೊಂಡಿರಬಹುದೇ, ಅಡಿಗೆಮನೆಯ ಬಾಗಿಲಲ್ಲಿ ನಿಂತು? ಅವಳಿಗೆ ಹತ್ತು ವರ್ಷ ಆಗ. ಪಡಸಾಲೆಯಲ್ಲಿ ಅಪ್ಪ, ದೊಡ್ಡಪ್ಪ, ಇಬ್ಬರು ಮಾವಂದಿರು ಕೂತು ಅಕ್ಕನ ಓದು ನಿಲ್ಲಿಸಿ ಹೊಲಿಗೆಗೆ ಹಾಕುವ ಮಾತಾಡುತ್ತಿದ್ದರು. ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕೂತು ಸ್ಲೇಟಿನಲ್ಲಿ ಅವರು ಆಡಿದ್ದನ್ನೆಲ್ಲ ಆಟಕ್ಕೆ ಬರೆದುಕೊಳ್ಳುತ್ತಿದ್ದಳು. ಬೆನ್ನ ಹಿಂದೆ ಅಮ್ಮ ಮಾತಾಡಿದಳು. ಎರಡು ವಾಕ್ಯ, ಮೆಲ್ಲಗೆ, ಸ್ಪಷ್ಟವಾಗಿ. ದೊಡ್ಡಪ್ಪ "ಆಯ್ತಾಯ್ತು, ಒಳಗೆ ಹೋಗು" ಎಂದ, ಮಾತು ಮುಂದುವರಿಯಿತು. ಸಂಜೆ ಅಕ್ಕ ಅತ್ತು ಕೇಳಿದಾಗ ಅಪ್ಪ ಹೇಳಿದ: ಎಲ್ಲರೂ ಒಪ್ಪಿದ್ದು, ಯಾರೂ ಬೇಡ ಅನ್ನಲಿಲ್ಲ. ಅಕ್ಕ ತಂಗಿಯ ಕಡೆ ತಿರುಗಿದಳು. "ನೀನು ಅಲ್ಲೇ ಇದ್ಯಲ್ಲ, ಅಮ್ಮ ಏನೂ ಹೇಳ್ಲಿಲ್ವಾ?" ಅಪ್ಪ ನೋಡುತ್ತಿದ್ದ. "ನನಗೆ ಗೊತ್ತಿಲ್ಲ," ಎಂದಳು. ಸ್ಲೇಟು ಒರೆಸಿ ಆಗಿತ್ತು. ನಾಲ್ಕು ವರ್ಷದ ಹಿಂದೆ ಅಮ್ಮ ಸತ್ತಾಗಲೂ ಅಕ್ಕ, ಸೊಂಟದ ಮೇಲೆ ಕೈಯಿಟ್ಟು, ಕಣ್ಣೀರಿಲ್ಲದೆ ಅಂದದ್ದು ಅದನ್ನೇ: "ನನಗೋಸ್ಕರ ಒಂದು ಮಾತೂ ಆಡ್ಲಿಲ್ಲ ಅಮ್ಮ." ಆಗಲೂ ಅವಳು ಬಾಯಿ ಬಿಡಲಿಲ್ಲ. ವರ್ಷಗಳು ಕಳೆದಷ್ಟೂ ಆ ಎರಡು ವಾಕ್ಯ ಹೇಳುವುದು ಕಷ್ಟವಾಗುತ್ತಾ ಹೋಗಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕಲ್ಲ.

ಸಭಾಂಗಣ ತುಂಬಿತ್ತು. ಗ್ಯಾಲರಿಯ ಮುಂದಿನ ಸಾಲಿನಲ್ಲಿ ಅಕ್ಕ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಕೂತಿದ್ದಳು, ತೆಗೆಯಲು ಮರೆತಿರಬೇಕು; ಕೆಳಗಿರುವ ಎಲ್ಲರ ಅಳತೆ ತೆಗೆಯಲು ಬಂದವಳ ಹಾಗೆ ಕಟಕಟೆಗೆ ಒರಗಿ ನೋಡುತ್ತಿದ್ದಳು. ಗಾಳಿಯಲ್ಲೇ ಏನೋ ಇತ್ತು. ಎಂದೂ ಬೇಗ ಬಾರದವರು ಬಂದಿದ್ದರು, ಹಿಂದಿನ ಸಾಲಿನ ಯುವಕ ಸದಸ್ಯರು ಕೈಬೆರಳಿನಲ್ಲಿ ಮತ ಎಣಿಸಿಕೊಳ್ಳುತ್ತಿದ್ದರು, ಯಾರೋ ಯಾರ ಕಿವಿಯಲ್ಲೋ ಐವತ್ತೊಂಬತ್ತು ಎಂದರು, ಇನ್ನೊಬ್ಬರು ಅರವತ್ತು ಎಂದರು. ಪೆನ್ಸಿಲ್ ಮೇಷ್ಟ್ರ ಸರದಿ ಶುರುವಾಯಿತು. ಅವಳು ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಹೊಸ ಪುಸ್ತಕ, ಅದರ ಕೆಳಗೆ ಹಸಿರು ರಟ್ಟಿನದು. ವಿಧಿಯನ್ನು ಓದಿದರು. ನರ್ಸಮ್ಮ ಎದ್ದು, ಇಂದು ಬದುಕಿದ್ದ ಮೈಕಿನಲ್ಲಿ, ತಮ್ಮ ತಿದ್ದುಪಡಿಯನ್ನು ಮತಕ್ಕೆ ಹಾಕಬೇಕೆಂದು ಕೇಳಿದರು. ಆಗ ಎದುರು ಸಾಲಿನಿಂದ ವಕೀಲರು ಎದ್ದರು. ಸಭೆಯಲ್ಲಿ ಬೇಕಾದಷ್ಟು ಮಂದಿ ವಕೀಲರಿದ್ದರೂ ಬರೀ 'ವಕೀಲರು' ಎಂದರೆ ಇವರೇ. ಸ್ವರ ಏರಿಸದೆ ಮಾತಾಡುವವರು.

"ಅಧ್ಯಕ್ಷರೇ, ನಾನು ತಿದ್ದುಪಡಿಗೆ ವಿರೋಧವಾಗಿ ಮಾತಾಡ್ತಾ ಇಲ್ಲ. ನರ್ಸಮ್ಮನವರ ಬಗ್ಗೆ ಅಪಾರ ಗೌರವ ಇದೆ, ನನ್ನ ಇಬ್ಬರೂ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದು." ನಗು. "ಆದರೆ ಚರ್ಚೆ ಮುಗಿಯೋ ಮೊದಲು ಮಂಡಿಸಿರಬೇಕು ಅನ್ನೋದು ನಿಯಮ. ನಾನು ದಾಖಲೆ ಪೂರ್ತಿ ಓದಿದೀನಿ. ಆವತ್ತು ಅವರ ಹೆಸರಲ್ಲಿ ಒಂದು ಪದ ಇಲ್ಲ. ಆ ಜಾಗದಲ್ಲಿ ಇರೋದು, ಕ್ಷಮಿಸಬೇಕು, 'ಗದ್ದಲ' ಅಂತ."

ಇನ್ನೂ ದೊಡ್ಡ ನಗು. ಇನ್ನೂರು ಪುಟ ಓದಿದವರು ಒಬ್ಬರಿದ್ದರು. ನರ್ಸಮ್ಮ ನಿಂತೇ ಇದ್ದರು, ನಿಧಾನವಾಗಿ ತಲೆ ತಗ್ಗಿಸಿ ವರದಿಗಾರರ ಮೇಜನ್ನು ನೋಡಿದರು. ಬೈಯುವ ನೋಟವಲ್ಲ. ಹೊಂದಿಸಿ ನೋಡುತ್ತಿರುವ ನೋಟ, ಆವತ್ತು ತಾನು ಕಂಡದ್ದು ನಿಜವೇ ಎಂದು. ಅಧ್ಯಕ್ಷರು ಕನ್ನಡಕ ತೆಗೆದರು. "ದಾಖಲೆಯಲ್ಲಿ ಇಲ್ಲದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ನೋಡಿ..." ಎಂದು ಶುರುಮಾಡಿದರು.

ಅವಳು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕುರ್ಚಿ ಕರ್ರೆಂದಿತು. ಹೊಸ ಪುಸ್ತಕ ಜಾರಿ ನೆಲಕ್ಕೆ ಬಿತ್ತು, ಹಸಿರು ರಟ್ಟಿನದು ಕೈಯಲ್ಲಿತ್ತು. ಆ ತಗ್ಗಿನಿಂದ ಯಾರೂ ಎಂದೂ ಸಭೆಯ ಕಡೆ ತಿರುಗಿ ಎದ್ದು ನಿಂತದ್ದಿಲ್ಲವಾದ್ದರಿಂದ ಸಭೆಗೆ ಏನೆಂದು ತಿಳಿಯಲಿಲ್ಲ. ಯಾರಿಗೋ ಮೈ ಸರಿಯಿಲ್ಲ ಎಂದುಕೊಂಡು ಒಬ್ಬರು ನೀರಿನ ಲೋಟ ಮುಂದೆ ಚಾಚಿದರು.

"ಏನಮ್ಮ?" ಎಂದರು ಅಧ್ಯಕ್ಷರು.

"ದಾಖಲೆ ಇದೆ ಸರ್." ತನ್ನ ದನಿ ಇಷ್ಟು ಸಣ್ಣದೇ? ಮೈಕಿಲ್ಲ. ಮತ್ತೆ ಹೇಳಿದಳು, ಈ ಸಲ ಗ್ಯಾಲರಿಗೆ ಮುಟ್ಟುವ ಹಾಗೆ. "ಇದೆ ಸರ್. ಆವತ್ತು ಆ ಐದು ನಿಮಿಷ ಬರೆದವಳು ನಾನು. ಅಪ್ಪಣೆ ಕೊಟ್ರೆ ಓದ್ತೀನಿ."

ಕಾರ್ಯದರ್ಶಿ ಅಧ್ಯಕ್ಷರ ಕಡೆ ಬಾಗಿ ಏನೋ ಪಿಸುಗುಟ್ಟಿದರು. ವಕೀಲರು ತಲೆ ವಾಲಿಸಿ, ಆಸಕ್ತಿಯಿಂದ, "ಓದ್ಲಿ, ಓದ್ಲಿ" ಎಂದರು. ಅವಳು ಓದಿದಳು. ಬೆರಳು ಗೀಟಿನಿಂದ ಗೀಟಿಗೆ ಸರಿಯಿತು. ಮಾತು ಎಲ್ಲೂ ತಡವರಿಸಲಿಲ್ಲ. ಬೇರೊಬ್ಬರ ಮಾತನ್ನು ಓದುವಾಗ ದನಿ ಇಷ್ಟು ಗಟ್ಟಿಯಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. "ನರ್ಸಮ್ಮನವರು: ಮೈಕು ಕೆಲಸ ಮಾಡ್ತಿಲ್ಲ, ಪರವಾಗಿಲ್ಲ. ಸಾಧ್ಯವಾದ ಮಟ್ಟಿಗೆ ಅನ್ನೋದನ್ನ ತೆಗೆದುಹಾಕಿ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಇರತಕ್ಕದ್ದು ಅಂತ ಸೇರಿಸಬೇಕು ಅಂತ ತಿದ್ದುಪಡಿ ಮಂಡಿಸ್ತೀನಿ. ಮೂವತ್ತು ವರ್ಷ ಹೆರಿಗೆ ಮಾಡಿಸಿದೀನಿ. ಹುಟ್ಟುವಾಗ ಅರ್ಧಕ್ಕರ್ಧ ಇರ್ತೀವಿ. ಈ ಬಾಗಿಲಿಗೆ ಬರೋ ಹೊತ್ತಿಗೆ ಹನ್ನೊಂದು ಯಾಕಾಗ್ತೀವಿ ಅಂತ ನನಗೆ ಯಾರಾದ್ರೂ ಹೇಳಿ. ಒಬ್ಬ ಸದಸ್ಯರು: ವಾರ್ಡ್ ರೌಂಡ್ಸ್ ಶುರುವಾಯ್ತು." ಈಗ ಯಾರೂ ನಗಲಿಲ್ಲ. "ಹಿಂದಿನ ಸಾಲಿನ ಹಿರಿಯ ಸದಸ್ಯರು: ನಾನು ಅನುಮೋದಿಸ್ತೀನಿ. ಅಧ್ಯಕ್ಷರು..." ಅವಳು ತಲೆಯೆತ್ತಿದಳು. "ಅಧ್ಯಕ್ಷರು: ಆಯ್ತಮ್ಮ, ಆಯ್ತು, ಕೂತ್ಕೊಳಿ."

ಅಧ್ಯಕ್ಷರ ಕಿವಿಗಳು ಕೆಂಪಾದವು. ಹಿಂದಿನ ಸಾಲಿನಿಂದ ಹಿರಿಯ ಸದಸ್ಯರು ಎದ್ದು, "ನಾನು ಅಂದದ್ದು ನಿಜ ಸ್ವಾಮಿ. ಯಾರಿಗೂ ಕೇಳಿಸಲೇ ಇಲ್ವಲ್ಲ ಅಂತ ಮನೇಲಿ ಹೇಳ್ಕೊಂಡು ನಗಾಡಿದ್ದೆ," ಎಂದು ಕೂತರು.

"ಹಾಗಿದ್ದ ಮೇಲೆ," ವಕೀಲರ ಸ್ವರ ಈಗಲೂ ಏರಲಿಲ್ಲ, "ಅಚ್ಚಿನಲ್ಲಿ ಗದ್ದಲ ಅಂತ ಹೇಗೆ ಬಂತು?"

ಮೈಕಿನ ತಂತಿಯನ್ನು ದೂರಬಹುದಿತ್ತು, ಟೈಪಿನ ಆತುರವನ್ನು ದೂರಬಹುದಿತ್ತು. ಒಂಬತ್ತು ದಿನ ಅಂಥ ಕಾರಣಗಳನ್ನು ಅವಳು ಒಂದೊಂದಾಗಿ ತೊಟ್ಟು ನೋಡಿ ತೆಗೆದಿಟ್ಟಿದ್ದಳು. "ನಾನು ತಪ್ಪು ಬರೆದೆ ಸರ್," ಎಂದಳು. "ನನಗೆ ಎಲ್ಲ ಕೇಳಿಸಿತ್ತು. ಕೇಳಿಸಿದ್ರೂ ಹಾಗೆ ಬರೆದೆ."

ನರ್ಸಮ್ಮ ಕೂತರು. ಕಣ್ಣು ಮುಚ್ಚಿಕೊಂಡಿದ್ದರು. ಅಧ್ಯಕ್ಷರೂ ಕಾರ್ಯದರ್ಶಿಯೂ ನಿಯಮದ ಪುಸ್ತಕ ತೆಗೆದು, ಹಾಳೆ ಮಗುಚಿ, ಬೆರಳಿಟ್ಟು, ಮತ್ತೆ ಮಗುಚಿದರು. ಆ ಹೊತ್ತು ಎಷ್ಟಾಯಿತೋ. ಅವಳಿಗೆ ಕೇಳಿಸುತ್ತಿದ್ದದ್ದು ಪಕ್ಕದಲ್ಲಿ ಪೆನ್ಸಿಲ್ ಮೇಷ್ಟ್ರ ಪೆನ್ಸಿಲ್ ಕಾಗದದ ಮೇಲೆ ಓಡುವ ಸದ್ದು ಮಾತ್ರ. ಅವರು ಅವಳನ್ನೇ ಬರೆಯುತ್ತಿದ್ದರು. ಆಮೇಲೆ ಅಧ್ಯಕ್ಷರು ತಿದ್ದುಪಡಿ ಸಕ್ರಮವಾಗಿ ಮಂಡನೆಯಾಗಿದೆ, ಮತಕ್ಕೆ ಹಾಕುತ್ತೇನೆ, ಪರವಾಗಿರುವವರು ಎದ್ದು ನಿಲ್ಲಿ ಎಂದರು, ಮತ್ತು ಅದೇ ಗಳಿಗೆಯಲ್ಲಿ ಮೇಷ್ಟ್ರು ಅವಳ ಮೊಳಕೈ ತಿವಿದು ಪಿಸುಗುಟ್ಟಿದರು: "ಐದು ನಿಮಿಷ ಆಯ್ತು. ನಿನ್ನ ಸರದಿ."

ನೆಲದಿಂದ ಪುಸ್ತಕ ಎತ್ತಿಕೊಂಡು ಕೂತಳು. ತಗ್ಗಿನಿಂದ ಕಾಣುವುದು ಮುಖಗಳಲ್ಲ, ಮೊಣಕಾಲುಗಳು, ಪಾದರಕ್ಷೆಗಳು. ಹನ್ನೊಂದು ಜೊತೆ ಒಟ್ಟಿಗೆ ಎದ್ದವು. ಹಿಂದಿನ ಸಾಲು ಎದ್ದಿತು. ಮಧ್ಯದಲ್ಲಿ ಒಂದೆರಡು, ಹಿಂಜರಿದು, ಪಕ್ಕದವರನ್ನು ನೋಡಿ, ಆಮೇಲೆ ನಾಲ್ಕಾರು. ಗುಮಾಸ್ತರು ಸಾಲುಸಾಲಾಗಿ ಎಣಿಸುತ್ತಾ ಬಂದರು. ಎಣಿಕೆ ಐವತ್ತೆಂಟಕ್ಕೆ ನಿಂತು, ಒಂದು ಉಸಿರಿನಷ್ಟು ಹೊತ್ತು ನಿಂತೇ ಇದ್ದು, ಎಲ್ಲಿಂದಲೋ ಒಂದು ಕುರ್ಚಿ ಸರಿದ ಸದ್ದಾಗಿ, ಐವತ್ತೊಂಬತ್ತಾಗಿ, ಅರವತ್ತಾಗಿ, ಅರವತ್ತೊಂದಾಯಿತು. ಅರವತ್ತೊಂದನೆಯವರ ಕಾಲಿನಲ್ಲಿ ಹೊಳೆಯುವ ಕಪ್ಪು ಬೂಟುಗಳಿದ್ದವು. ತಲೆಯೆತ್ತಿ ನೋಡಿದರೆ ವಕೀಲರು. "ನಿಯಮಕ್ಕಷ್ಟೇ ನನ್ನ ವಿರೋಧ ಇದ್ದದ್ದು," ಎಂದು ಯಾರಿಗೋ ಹೇಳುತ್ತಿದ್ದರು, ಮಕ್ಕಳಿಬ್ಬರ ನೆನಪಾಗಿತ್ತೋ ಏನೋ. ವಿರೋಧ ಐವತ್ತೆಂಟು, ಅಧ್ಯಕ್ಷರ ಮತ ಲೆಕ್ಕಕ್ಕಿಲ್ಲ. ತಿದ್ದುಪಡಿ ಅಂಗೀಕಾರವಾಗಿದೆ ಎಂದರು ಅಧ್ಯಕ್ಷರು. ಸಭಾಂಗಣ ಒಮ್ಮೆಲೇ ಎದ್ದಿತು. ವರದಿಗಾರರು ಚಪ್ಪಾಳೆ ತಟ್ಟುವಂತಿಲ್ಲ. ಅವಳು ತಲೆ ಬಗ್ಗಿಸಿ, ಬ್ರಾಕೆಟ್ಟು ಹಾಕಿ, (ಚಪ್ಪಾಳೆ) ಎಂದು ಬರೆದಳು, ಅದು ನಿಲ್ಲದೆ ಇದ್ದಾಗ (ದೀರ್ಘ ಚಪ್ಪಾಳೆ) ಎಂದು ತಿದ್ದಿದಳು, ಪೆನ್ಸಿಲ್ಲಿನ ಚೂಪು ಮೊನೆ ಆ ಒತ್ತಿಗೆ ಮುರಿಯಿತು.

ಮೇಲಿನ ಕೋಣೆಯಲ್ಲಿ ಅವಳ ಮೇಜಿನ ಮೇಲೆ ಆಗಲೇ ಒಂದು ಕಾಗದ ಬಂದು ಕೂತಿತ್ತು: ದಾಖಲೆಯಲ್ಲಿ ಆದ ತಪ್ಪಿಗೂ ಸಭೆಯಲ್ಲಿ ಅನುಮತಿಯಿಲ್ಲದೆ ಎದ್ದದ್ದಕ್ಕೂ ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು. ಓದಿದಳು. ಹೆದರಿಕೆ ಆಗಲೇಬೇಕಿತ್ತು, ಎಲ್ಲಿ ಹೋಯಿತೋ. ಪಕ್ಕದಲ್ಲಿ ಮೇಷ್ಟ್ರು ಟೈಪು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. "ಇಲ್ಲೊಂದು ತೊಂದರೆ ಕಣಮ್ಮ. ನಮ್ಮವರು ಮಾತಾಡಿದ್ರೆ ಏನಂತ ಹಾಕಬೇಕು ಅಂತ ಎಲ್ಲೂ ಬರೆದಿಲ್ಲ. ಏನು ಹಾಕಲಿ? ಗದ್ದಲ ಅಂತ ಹಾಕಲಾ?" ಗಂಭೀರವಾಗಿ ಕೇಳಿದರು, ಮೀಸೆಯ ತುದಿ ಮಾತ್ರ ಅಲುಗುತ್ತಿತ್ತು. "ವರದಿಗಾರ್ತಿ ಅಂತ ಹಾಕಿ ಮೇಷ್ಟ್ರೇ," ಎಂದಳು. "ಅಂದದ್ದನ್ನ ಅಂದ ಹಾಗೇ ಹಾಕಿ."

ಎರಡು ಮಹಡಿ ಕೆಳಗೆ ಶೌಚಾಲಯದ ಸಾಲು ಕಡತದ ಕೋಣೆಯವರೆಗೂ ಬೆಳೆದಿತ್ತು. ಗ್ಯಾಲರಿಗೆ ಬಂದ ಹೆಂಗಸರೆಲ್ಲ ಅಲ್ಲಿದ್ದರು, ಗುರುತಿಲ್ಲದವರು ಗುರುತಿಲ್ಲದವರ ಕೈ ಹಿಡಿದುಕೊಂಡು ಒಟ್ಟಿಗೇ ಮಾತಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ಅಕ್ಕ, ಕುತ್ತಿಗೆಯಲ್ಲಿ ಟೇಪು. ತಂಗಿಯನ್ನು ಕಂಡವಳೇ, "ಅಲ್ಲ ಕಣೇ, ನಿನಗೆ ಇಷ್ಟು ದೊಡ್ಡ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪಕ್ಕದವಳಿಗೆ ನನ್ನ ತಂಗಿ ಅಂತ ಹೇಳಿದ್ರೆ ನಂಬ್ಲಿಲ್ಲ," ಎಂದಳು. ನಗುತ್ತಿದ್ದಳು. ಈ ನಗುವನ್ನು ಕೆಡಿಸಬಾರದು, ಇವತ್ತು ಬೇಡ, ಇನ್ನೊಂದು ದಿನ ಎಂದು ಹಳೆಯ ಎಚ್ಚರ ತಲೆಯೆತ್ತಿತು. ಅವಳು ಸಾಲಿನಲ್ಲಿ ಅಕ್ಕನ ಹಿಂದೆ ನಿಂತಳು. ಅವಳ ಬೆರಳುಗಳು ತಮ್ಮಷ್ಟಕ್ಕೆ ಗೋಡೆಯ ಮೇಲೆ ಒಂದು ಗೀಟೆಳೆದವು, ಒಂದು ಕೊಕ್ಕೆ.

"ಅಕ್ಕ," ಎಂದಳು. "ಆವತ್ತು ಅಮ್ಮ ಮಾತಾಡಿದ್ಲು."

"ಯಾವತ್ತು?" ಎಂದು ಕೇಳಿ, ಕೇಳುತ್ತಿರುವಾಗಲೇ ಅಕ್ಕನಿಗೆ ಯಾವತ್ತು ಎಂದು ತಿಳಿಯಿತು. ನಗು ಮುಖದ ಮೇಲೆ ಹಾಗೇ ನಿಂತಿತು.

"ನನಗೆ ಕೇಳಿಸಿತ್ತು. ಅಮ್ಮ ಅಂದ್ಲು: 'ಅವಳನ್ನೂ ಒಂದು ಮಾತು ಕೇಳಿ. ಓದಲಿ ಅವಳು, ಹೊಲಿಗೆಗೆ ನಾನು ಹೋಗ್ತೀನಿ.' ದೊಡ್ಡಪ್ಪ 'ಆಯ್ತಾಯ್ತು, ಒಳಗೆ ಹೋಗು' ಅಂದ. ನೀನು ಕೇಳಿದಾಗ ಗೊತ್ತಿಲ್ಲ ಅಂದೆ ನಾನು. ಗೊತ್ತಿತ್ತು."

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅಕ್ಕ ಹೋಗಲಿಲ್ಲ. ಹಿಂದಿನವರು ಪಕ್ಕಕ್ಕೆ ಸರಿದು ಅವರಿಬ್ಬರನ್ನು ದಾಟಿ ಹೋದರು. ಅಕ್ಕ ಕುತ್ತಿಗೆಯಿಂದ ಟೇಪು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮೂವತ್ತೆರಡು ವರ್ಷ. ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು.

"ಇನ್ನೊಂದ್ಸಲ ಹೇಳು," ಎಂದಳು ಅಕ್ಕ. "ನಿಧಾನಕ್ಕೆ ಹೇಳು. ಅಮ್ಮ ಹೇಗೆ ಹೇಳಿದ್ಲೋ ಹಾಗೇ."

ಅವಳು ಹೇಳತೊಡಗಿದಳು.